ಒತ್ತಿದರೆ ಉಳಿಯದ ಹೂವು

ಕಾಡು ಐರಿಸ್‌ನ ಹೂವನ್ನು ಎರಡು ಹಾಳೆಗಳ ನಡುವೆ ಒತ್ತಿ ಒಣಗಿಸಿದರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಒಂದು ನೇರಳೆ ಕಲೆ. ದಳಗಳು ಅಷ್ಟು ತೆಳು, ಅಷ್ಟು ರಸಭರಿತ. ಹೊರಗಿನ ಮೂರು ದಳಗಳು ಕೆಳಕ್ಕೆ ಬಾಗುತ್ತವೆ, ಒಳಗಿನ ಮೂರು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತವೆ. ಬಾಗಿದ ಪ್ರತಿ ದಳದ ಬುಡದ ಮೇಲೂ ದಳದಂತೆಯೇ ಕಾಣುವ ಶಲಾಕೆಯ (ಹೂವಿನ ಹೆಣ್ಣು ಭಾಗದ ದಂಡ) ಕವಲೊಂದು ಸೂರಿನ ಹಾಗೆ ಚಾಚಿಕೊಂಡು, ಅಡಿಯಲ್ಲಿರುವ ಕೇಸರವನ್ನು ಮರೆಮಾಡುತ್ತದೆ. ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಲು ನೆರವಾಗುವ ಈ ಬಾಗು ಬಳುಕುಗಳೇ ಒತ್ತಿದಾಗ ಮೊದಲು ಅಳಿಯುತ್ತವೆ. ಹಾಗಾಗಿ, ಸುಮಾರು 300 ಪ್ರಭೇದಗಳ ಈ ಕುಲವನ್ನು ಅರಿಯಲು ಹೊರಟವರಿಗೆಲ್ಲ ಚಿತ್ರಕಾರರ ನೆರವು ಬೇಕಾಯಿತು.

ಆರಂಭದಲ್ಲಿ ಹೂವಿಗಿಂತ ಬೇರಿಗೇ ಬೆಲೆ. ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಔಷಧ ಗ್ರಂಥವನ್ನು ಐರಿಸ್‌ನಿಂದಲೇ ಶುರುಮಾಡಿದ. ಮುಂದೆ ಶತಮಾನಗಳ ಕಾಲ ಇಂಥ ಗ್ರಂಥಗಳ ಚಿತ್ರಗಳನ್ನು ಎಷ್ಟೋ ಸಲ ಗಿಡದ ಮುಖವನ್ನೇ ನೋಡದೆ ಹಳೆಯ ಪ್ರತಿಯಿಂದ ನಕಲು ಮಾಡಲಾಯಿತು. ಅದೇ ಕಾಲದಲ್ಲಿ ಯುರೋಪಿನ ಹಸ್ತಪ್ರತಿ ಚಿತ್ರಕಾರರು ಐರಿಸ್ ಹೂವಿನ ರಸಕ್ಕೆ ಪಟಿಕ ಬೆರೆಸಿ ಹಸಿರು ಬಣ್ಣ ತಯಾರಿಸುತ್ತಿದ್ದರು. ನೇರಳೆ ಹೂವಿನಿಂದ ಹಸಿರು! ಈ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

1542ರಲ್ಲಿ ಜರ್ಮನ್ ವೈದ್ಯ ಲಿಯೊನ್ಹಾರ್ಟ್ ಫುಕ್ಸ್ ಸುಮಾರು 500 ಮರದಚ್ಚಿನ ಚಿತ್ರಗಳಿದ್ದ ಸಸ್ಯಗ್ರಂಥ ಪ್ರಕಟಿಸಿದ. ಗಿಡವನ್ನು ಎದುರಿಗಿಟ್ಟುಕೊಂಡು ಬರೆಸಿದ ಚಿತ್ರಗಳವು. ಚಿತ್ರ ಬರೆದವರ, ಅಚ್ಚು ಕೆತ್ತಿದವರ ಭಾವಚಿತ್ರಗಳಿಗೂ ಅವನು ಅದರಲ್ಲಿ ಜಾಗ ಕೊಟ್ಟ. ಆ ಒಂದು ಪುಟಕ್ಕಾಗಿಯೇ ಅವನ ಮೇಲೆ ಗೌರವ ಹುಟ್ಟುತ್ತದೆ. 1787ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಕರ್ಟಿಸ್ ಆರಂಭಿಸಿದ ಸಸ್ಯಪತ್ರಿಕೆಯ ಮೊಟ್ಟಮೊದಲ ಚಿತ್ರ ಐರಿಸ್ ಪರ್ಸಿಕಾ. ಆ ಪತ್ರಿಕೆಯ ಚಿತ್ರಗಳಿಗೆ 1948ರವರೆಗೂ ಕೈಯಿಂದಲೇ ಬಣ್ಣ ಹಚ್ಚಲಾಗುತ್ತಿತ್ತು. 1802ರಿಂದ 1816ರವರೆಗೆ ಪ್ಯಾರಿಸ್ಸಿನಲ್ಲಿ ಹೂಗಳ ಚಿತ್ರಕಾರ ರೆಡೂಟೆ ಹೊರತಂದ 486 ಚಿತ್ರಗಳ ಮಾಲೆಯಲ್ಲಿ ಐರಿಸ್‌ಗಳೂ ಇವೆ. ಕಣ್ಣು ಕೀಳಲಾಗದಷ್ಟು ಚೆಲುವಾದ ಚಿತ್ರಗಳು, ಆದರೆ ಬಹುಪಾಲು ತೋಟದ ಆರೈಕೆಯಲ್ಲಿ ಬೆಳೆದ ಗಿಡಗಳವು.

ಕಾಡು ಐರಿಸ್‌ಗೆ ನಿಜವಾದ ನ್ಯಾಯ ಸಿಕ್ಕಿದ್ದು 1913ರಲ್ಲಿ, ವಿಲಿಯಂ ರಿಕಟ್ಸನ್ ಡೈಕ್ಸ್ ಇಡೀ ಕುಲದ ಬಗ್ಗೆ ಬರೆದ ಗ್ರಂಥದಲ್ಲಿ ಎಂಬುದು ನನ್ನ ನಂಬಿಕೆ. ಡೈಕ್ಸ್ ಶಾಲಾ ಶಿಕ್ಷಕ. ಒಣ ಮಾದರಿಗಳನ್ನಷ್ಟೇ ನೆಚ್ಚಿಕೊಳ್ಳದೆ, ಸಿಕ್ಕಷ್ಟು ಪ್ರಭೇದಗಳನ್ನು ತಾನೇ ಬೆಳೆಸಿ, ಜೀವಂತ ಗಿಡವನ್ನು ನೋಡಿ ಬರೆದ. ಎಫ್. ಎಚ್. ರೌಂಡ್ ಅದಕ್ಕೆ 47 ವರ್ಣಚಿತ್ರಗಳನ್ನು ರಚಿಸಿದ. ಬೀಜಗಳಿಗೆಂದೇ ಪ್ರತ್ಯೇಕ ವರ್ಣಪುಟವೊಂದಿದೆ. ಕೆಲವು ಗುಂಪುಗಳ ಬೀಜದ ತುದಿಯಲ್ಲಿ ಬೆಳ್ಳನೆಯ ಕೊರಳಪಟ್ಟಿಯಂಥ ತಿರುಳಿರುತ್ತದೆ. ಗುಂಪನ್ನು ಗುರುತಿಸಲು ಅದೂ ಒಂದು ಆಧಾರ.

ಛಾಯಾಚಿತ್ರ ಬಂದ ಮೇಲೂ ಈ ಕೆಲಸ ನಿಲ್ಲಲಿಲ್ಲ. ಬಣ್ಣದ ಫಿಲ್ಮ್‌ನಲ್ಲಿ ಕೆಲವು ನೀಲಿ ಹೂಗಳು ಕೆಂಪು ಛಾಯೆಗೆ ತಿರುಗುತ್ತಿದ್ದವು. ಕ್ಯಾಮೆರಾ ಹಿಡಿಯುವುದು ಒಂದು ಕ್ಷಣವನ್ನು. ಚಿತ್ರಕಾರರಾದರೋ ಹೂವು ಬಾಡುವ ಮೊದಲು ಅದನ್ನು ಮುಗಿಸಿ, ಕೆಲವು ವಾರಗಳ ನಂತರ ಕಾಯಿಗಾಗಿ ಮತ್ತೆ ಅದೇ ಗಿಡದ ಬಳಿಗೆ ಬರುತ್ತಾರೆ. ಬೇರುಕಾಂಡ, ಸೀಳಿದ ಹೂವು, ಬಿರಿದ ಕಾಯಿ, ಬೀಜ ಎಲ್ಲವೂ ಒಂದೇ ಹಾಳೆಯಲ್ಲಿ ಸೇರುತ್ತವೆ.

ಮೊಗ್ಗನ್ನು ಸುತ್ತಿರುವ ಹೊದಿಕೆಯನ್ನೂ ಅವರು ಬಿಡುವಂತಿಲ್ಲ. ಐರಿಸ್ ಪಲ್ಲಿಡಾದಲ್ಲಿ ಅದು ಹೂವು ಅರಳುವ ಮೊದಲೇ ಒಣಗಿ ಬೆಳ್ಳಿಬಣ್ಣದ ಕಾಗದದಂತಾಗಿರುತ್ತದೆ. ಐರಿಸ್ ಜರ್ಮ್ಯಾನಿಕಾದಲ್ಲಿ ಬುಡದ ಕಡೆ ಇನ್ನೂ ಹಸಿಯಾಗಿಯೇ ಇರುತ್ತದೆ. ಅವಸರದಲ್ಲಿ ಅಲ್ಲಿ ಒಂದಿಷ್ಟು ಹಸಿರು ಬಳಿದರೆ ಸಾಕು, ಚಿತ್ರದಲ್ಲಿರುವ ಗಿಡ ಬೇರೆಯೇ ಆಗಿಬಿಡುತ್ತದೆ.