‘ಮನ್ಯಾಗ ಯಾರೂ ಇರಲಿಲ್ರೀ, ಸೊಸಿ ಅಷ್ಟೇ ಇದ್ಲು’

ಲಕ್ವಾ, ಅಂದರೆ ಸ್ಟ್ರೋಕ್ ಹೊಡೆದವರನ್ನು ಕರೆತಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟೊತ್ತಿಗೆ? ಹೆಸರು, ವಯಸ್ಸು, ಊರು ಎಲ್ಲ ಆಮೇಲೆ. ಕಲಬುರಗಿಯಲ್ಲಿ ನರರೋಗ ವೈದ್ಯೆಯಾಗಿ ಕೆಲಸ ಮಾಡುವ ನನಗೆ ಈ ಪ್ರಶ್ನೆಗೆ ಸರಿಯಾದ ಉತ್ತರ ಮೊದಲ ಸಲಕ್ಕೇ ಸಿಗುವುದು ಅಪರೂಪ. ಬರುವ ಉತ್ತರ ಹೀಗಿರುತ್ತದೆ: ‘ಮುಂಜಾನಿ ಏಳಕ್ಕ ನೋಡೀವ್ರಿ ಮೇಡಂ, ಆಗ್ಲೇ ಬಾಯಿ ಸೊಟ್ಟ ಆಗಿತ್ತು.’

ನಾನು ಕೇಳಿದ್ದು ಅದನ್ನಲ್ಲ. ಏಳು ಗಂಟೆ ಅಂದರೆ ನೀವು ನೋಡಿದ ಹೊತ್ತು. ಲಕ್ವಾ ಆದ ಹೊತ್ತು ಬೇರೆ ಇರಬಹುದು. ಇವೆರಡರ ನಡುವೆ ಐದು ನಿಮಿಷವೂ ಇರಬಹುದು, ಎಂಟು ಗಂಟೆಯೂ ಇರಬಹುದು. ಈ ಒಂದು ಮಾತು ಯಾಕೆ ಇಷ್ಟು ಗೊಂದಲವಾಗುತ್ತದೋ ಗೊತ್ತಿಲ್ಲ. ಓದಿದವರಿಗೂ ಆಗುತ್ತದೆ. ಹಾಗಾಗಿ ಇವತ್ತು ಬಿಡಿಸಿ ಬಿಡಿಸಿ ಹೇಳುತ್ತೇನೆ.

ನಿಮ್ಮ ಅಪ್ಪ ರಾತ್ರಿ ಹತ್ತಕ್ಕೆ ಊಟ ಮಾಡಿ ಮಲಗಿದರು. ಬೆಳಿಗ್ಗೆ ಆರಕ್ಕೆ ನೋಡಿದರೆ ಬಲಗೈ ಏಳುತ್ತಿಲ್ಲ. ನಡುವೆ ಯಾರೂ ನೋಡಿಲ್ಲ. ಆಗ ನಮ್ಮ ಲೆಕ್ಕ ರಾತ್ರಿ ಹತ್ತರಿಂದಲೇ ಶುರು. ಆದರೆ ಎರಡು ಗಂಟೆಗೆ ಮೂತ್ರಕ್ಕೆ ಎದ್ದು, ತಾವೇ ನಡೆದು ಹೋಗಿ ಬಂದು, ‘ಫ್ಯಾನ್ ಹಚ್ಚು’ ಅಂದಿದ್ದರು ಎಂದುಕೊಳ್ಳಿ. ಆಗ ಲೆಕ್ಕ ಎರಡರಿಂದ. ನಾಲ್ಕು ಗಂಟೆ ಉಳಿಯಿತು, ಅಲ್ವಾ? ಅದೇ ಎರಡು ಗಂಟೆಗೆ ಮಾತು ತೊದಲುತ್ತಿತ್ತು ಅಂದರೆ ಮತ್ತೆ ಹತ್ತಕ್ಕೇ ಹೋಗಬೇಕು. ಇನ್ನೊಂದು ಉದಾಹರಣೆ. ಅವ್ವ ಮನೆಯಲ್ಲಿ ಒಬ್ಬರೇ ಇದ್ದರು, ಪುಣೆಯಲ್ಲಿರುವ ಮಗಳು ಫೋನ್ ಮಾಡಿದಾಗ ಚೆನ್ನಾಗಿ ಮಾತಾಡಿದ್ದರು. ಆ ಫೋನಿನಲ್ಲಿ ಹೊತ್ತು ಬರೆದಿರುತ್ತದೆ. ತೆಗೆದು ತೋರಿಸಿ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ಹೊತ್ತು ಯಾಕೆ ಬೇಕು? ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಸ್ಟ್ರೋಕ್ ಆಗಿದ್ದರೆ, ಅದನ್ನು ಕರಗಿಸುವ ಸೂಜಿಮದ್ದು ಇದೆ. ಮೂರು ಗಂಟೆಯೊಳಗೆ ಕೊಟ್ಟರೆ ಗುಣವಿದೆ ಎಂದು 1995ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ಚಾಚಿತು. ಆದರೆ ನಾಲ್ಕೂವರೆ ಗಂಟೆ ಇದೆಯಲ್ಲ ಎಂದು ನಿಧಾನಿಸುವ ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಲೆಕ್ಕ ಹಾಕಿದ್ದಾರೆ. ಒಂದೂವರೆ ಗಂಟೆಯೊಳಗೆ ಈ ಮದ್ದು ಕೊಟ್ಟರೆ, ಮದ್ದು ಸಿಗದವರಿಗೆ ಹೋಲಿಸಿದಾಗ, ನಾಲ್ಕೈದು ಜನರಲ್ಲಿ ಒಬ್ಬರು ಹೆಚ್ಚುವರಿಯಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾಗುತ್ತಾರೆ. ಮೂರು ಗಂಟೆ ದಾಟಿಸಿ ಕೊಟ್ಟರೆ ಅದು ಹದಿನಾಲ್ಕರಲ್ಲಿ ಒಬ್ಬರಿಗೆ ಇಳಿಯುತ್ತದೆ. ಮದ್ದು ಅದೇ, ರೋಗಿಯೂ ಅದೇ. ಗಡಿಯಾರ ಮಾತ್ರ ಬೇರೆ.

ಇನ್ನು ಕೆಲವರಿಗೆ ಯಾರೋ ದಾರಿಯಲ್ಲಿ ಹೇಳಿಕೊಟ್ಟಿರುತ್ತಾರೆ, ‘ಎರಡು ತಾಸಾಯ್ತು ಅನ್ರಿ, ಇಲ್ಲಾಂದ್ರ ಸೂಜಿ ಮಾಡಲ್ಲ’ ಅಂತ. ದಯವಿಟ್ಟು ಹೀಗೆ ಮಾಡಬೇಡಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಮದ್ದಿನಿಂದ ಮೆದುಳಿನಲ್ಲೇ ರಕ್ತಸ್ರಾವ ಆಗಬಹುದು. 1995ರ ಅದೇ ಅಧ್ಯಯನದಲ್ಲಿ, ಹೊತ್ತಿಗೆ ಸರಿಯಾಗಿ ಮದ್ದು ಪಡೆದವರಲ್ಲೂ ನೂರಕ್ಕೆ ಆರು ಜನರಿಗೆ ಹಾಗಾಗಿತ್ತು. ಹೊತ್ತು ಮೀರಿ ಕೊಟ್ಟರೆ ಲಾಭ ಕಮ್ಮಿ, ಅಪಾಯ ಹಾಗೇ ನಿಂತಿರುತ್ತದೆ. ನೀವು ಪ್ರೀತಿಯಿಂದ ಹೇಳಿದ ಸುಳ್ಳು ನಿಮ್ಮ ಅವ್ವನ ತಲೆಯ ಮೇಲೆ ಬೀಳುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಆಳಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಅರವತ್ತರ ಹತ್ತಿರದ ಹೆಣ್ಣುಮಗಳೊಬ್ಬಳನ್ನು ಜೀಪಿನಲ್ಲಿ ತಂದರು. ಬೆಳಿಗ್ಗೆ ಎಂಟೂಮುಕ್ಕಾಲು. ಬಲಗೈ, ಬಲಗಾಲು ಬಿದ್ದಿದ್ದವು, ಮಾತು ನಿಂತಿತ್ತು. ಜೊತೆಗೆ ಐದು ಜನ ಗಂಡಸರು. ಇಬ್ಬರು ಮಕ್ಕಳು, ಒಬ್ಬ ಮೈದುನ, ಪಕ್ಕದ ಮನೆಯವರು, ಊರಿನ ಹಿರಿಯರೊಬ್ಬರು. ಕೇಳಿದೆ. ‘ರಾತ್ರಿ ಹತ್ತಕ್ಕ ಉಂಡು ಮಲಗಿದ್ಲು. ಮುಂಜಾನಿ ಏಳಕ್ಕ ಎದ್ದು ನೋಡಿದ್ರ ಅಡಗಿ ಮನ್ಯಾಗ ಬಿದ್ದಿದ್ಲು.’ ಆ ಲೆಕ್ಕದಲ್ಲಿ ಹತ್ತೂಮುಕ್ಕಾಲು ಗಂಟೆ ಆಗಿಹೋಗಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಮದ್ದು ಕಪಾಟಿನಲ್ಲಿತ್ತು. ಕೊಡುವ ಹಾಗಿರಲಿಲ್ಲ.

ಆದರೆ ಅಡುಗೆ ಮನೆ ಅಂದರಲ್ಲ. ರಾತ್ರಿ ಹಾಸಿಗೆಯಲ್ಲಿ ಮಲಗಿದವಳು ಅಡುಗೆ ಮನೆಗೆ ಹೇಗೆ ಬಂದಳು? ಎದ್ದು ನಡೆದೇ ಬಂದಿರಬೇಕು. ‘ಬೆಳಿಗ್ಗೆ ಮನೆಯಲ್ಲಿ ಯಾರಿದ್ದರು?’ ಎಂದೆ. ದೊಡ್ಡ ಮಗ ಹೇಳಿದ, ‘ಮನ್ಯಾಗ ಯಾರೂ ಇರಲಿಲ್ರೀ ಮೇಡಂ. ನಾವು ಅಂಗಳದಾಗ ಮಲಗಿದ್ವಿ. ಸಣ್ಣ ಸೊಸಿ ಅಷ್ಟೇ ಇದ್ಲು.’

ಆಕೆಗೆ ಫೋನ್ ಹಚ್ಚಿಸಿದೆ. ಮೊದಲು ಅಂಜಿದಳು. ಆಮೇಲೆ ಒಂದೊಂದೇ ಹೇಳಿದಳು. ‘ಅತ್ತಿ ನಸುಕಿನ್ಯಾಗ ಎದ್ದು ರೊಟ್ಟಿ ಬಡೀಲತ್ತಿದ್ರು. ನಂಗ ಚಹಾ ಕೊಟ್ರು. ಕೂಸು ಅಳ್ತದ ಹೋಗು ಅಂದ್ರು. ಆಗ ಆರರ ಬಸ್ಸು ಹೋಯ್ತ್ರಿ.’ ಯಾವ ಕೈಯಲ್ಲಿ ಚಹಾ ಕೊಟ್ಟರು? ‘ಬಲಗೈಲೇರಿ.’ ಮಾತು ತೊದಲುತ್ತಿತ್ತಾ? ‘ಇಲ್ರೀ, ನಂಗ ಬೈದ್ರು ಸುದ್ದಾ.’ ಜೋಳದ ರೊಟ್ಟಿ ಬಡಿಯಲು ಅಂಗೈ ನೆಟ್ಟಗಿರಬೇಕು, ಭುಜದಲ್ಲಿ ಬಲ ಬೇಕು, ತಿರುಗಿಸಲು ಬೆರಳುಗಳ ಹದ ಬೇಕು. ನಾನು ಹಾಸಿಗೆಯ ಪಕ್ಕ ನಿಂತು ಮಾಡುವ ಪರೀಕ್ಷೆಗಳಲ್ಲಿ ಅರ್ಧ ಅದರಲ್ಲೇ ಮುಗಿದಿತ್ತು. ಬರೀ ಸಪ್ಪಳ ಕೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಕೆ ಕಣ್ಣಾರೆ ನೋಡಿದ್ದಳು, ಮಾತಾಡಿಸಿದ್ದಳು. ಬಸ್ಸಿನ ಹೊತ್ತನ್ನು ಊರಿನ ಹಿರಿಯರೂ ಖಾತ್ರಿ ಮಾಡಿದರು.

ಹತ್ತೂಮುಕ್ಕಾಲು ಗಂಟೆ ಎರಡೂಮುಕ್ಕಾಲಾಯಿತು. ಒಂಬತ್ತೂಕಾಲಕ್ಕೆ ಸೂಜಿ ಕೊಟ್ಟೆವು. ಮೂರನೇ ದಿನ ಆಕೆ ಕೈ ಭುಜದ ತನಕ ಎತ್ತಿದಳು. ಈಗ ಕೋಲು ಹಿಡಿದು ನಡೆಯುತ್ತಾಳೆ, ಮಾತಿನಲ್ಲಿ ಸ್ವಲ್ಪ ತಡವರಿಕೆ ಉಳಿದಿದೆ. ಬೆರಳುಗಳು ಪೂರ್ತಿ ಮೊದಲಿನಂತಾಗಲಿಲ್ಲ. ರೊಟ್ಟಿ ಈಗ ಸೊಸೆ ಬಡಿಯುತ್ತಾಳೆ. ಎಲ್ಲರಿಗೂ ಇಷ್ಟಾದರೂ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ಒಬ್ಬೊಬ್ಬರ ಹೆಪ್ಪು ಒಂದೊಂದು ಥರ.

ಸ್ಟ್ರೋಕ್ ಯಾರಿಗೆ ಜಾಸ್ತಿ, ಯಾರಿಗೆ ಚಿಕಿತ್ಸೆ ಕಮ್ಮಿ ಎಂದು ಹುಡುಕುವ ಸಂಶೋಧನೆಗಳನ್ನು ನಾನು ಆಸೆಯಿಂದ ಓದುತ್ತೇನೆ. ಅಮೆರಿಕದ ಆಗ್ನೇಯ ರಾಜ್ಯಗಳನ್ನು ‘ಸ್ಟ್ರೋಕ್ ಬೆಲ್ಟ್’ ಅಂತಲೇ ಕರೆಯುತ್ತಾರೆ. ಆ ದೇಶದ ಉದ್ದಗಲಕ್ಕೂ ನಡೆದ ‘ರಿಗಾರ್ಡ್ಸ್’ ಅಧ್ಯಯನಕ್ಕೆ 2003ರಿಂದ 2007ರವರೆಗೆ 30 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡರು. ಮಧ್ಯವಯಸ್ಸಿನ ಕಪ್ಪು ಜನರಿಗೆ ಬಿಳಿಯರಿಗಿಂತ ಸ್ಟ್ರೋಕ್ ಬಹಳ ಜಾಸ್ತಿ. ಬಿ.ಪಿ., ಸಕ್ಕರೆ ಕಾಯಿಲೆ, ಸಿಗರೇಟು ಎಲ್ಲ ಲೆಕ್ಕಕ್ಕೆ ತಗೊಂಡರೂ ಆ ವ್ಯತ್ಯಾಸದ ಸುಮಾರು ಅರ್ಧಕ್ಕೆ ಮಾತ್ರ ಕಾರಣ ಸಿಕ್ಕಿತು. ಉಳಿದರ್ಧ ಹುಟ್ಟಿದ ಊರು, ಬಡತನ, ದವಾಖಾನೆಯ ದಾರಿ ಇಂಥವುಗಳಲ್ಲಿ ಇರಬಹುದು ಎಂದು ಹುಡುಕುತ್ತಲೇ ಇದ್ದಾರೆ. ಸ್ಟ್ರೋಕ್ ಆದಾಗ ಒಬ್ಬರೇ ಇದ್ದವರು ಆಸ್ಪತ್ರೆಗೆ ತಡವಾಗಿ ತಲುಪುತ್ತಾರೆ ಎಂಬುದನ್ನೂ ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡಿದ್ದಾರೆ.

ಇದನ್ನೆಲ್ಲ ಓದುವಾಗ ನನ್ನ ಕಣ್ಣಮುಂದೆ ಬರುವುದು ತೊಗರಿ ರಾಶಿಯ ದಿನಗಳು. ಡಿಸೆಂಬರ್, ಜನವರಿಯಲ್ಲಿ ಇಡೀ ಊರು ಹೊಲದಲ್ಲಿರುತ್ತದೆ. ದುಡಿಯುವ ಹುಡುಗರು ಹೈದರಾಬಾದ್, ಮುಂಬೈ ಸೇರಿರುತ್ತಾರೆ. ಮನೆಯಲ್ಲಿ ಮುದುಕಿ, ಒಂದು ಎಮ್ಮೆ. ಸಂಜೆ ಬಂದು ನೋಡಿದರೆ ಆಯಿ ಬಾಗಿಲಲ್ಲಿ ಬಿದ್ದಿರುತ್ತಾಳೆ. ಯಾವಾಗ ಬಿದ್ದಳೋ ಹೇಳುವವರಿಲ್ಲ. ಲಕ್ವಾದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ಕೂಗೂ ಇಲ್ಲ. ಆಳಂದದಿಂದ ಕಲಬುರಗಿಗೆ 40 ಕಿಲೋಮೀಟರ್, ಚಿಂಚೋಳಿಯಿಂದ ಅದರ ಎರಡರಷ್ಟು. ನಡುವೆ ಒಂದು ಕಡೆ ಸಲೈನ್ ಹಚ್ಚುತ್ತಾರೆ, ಇನ್ನೊಂದು ಕಡೆ ಲಕ್ವಾದ ಸೊಪ್ಪಿನ ಔಷಧಿ ಹಿಂಡುತ್ತಾರೆ. ಅದರ ಬಗ್ಗೆ ಎಷ್ಟೋ ಸಲ ಹೇಳಿ ಆಗಿದೆ. ಹೆಪ್ಪೋ ರಕ್ತಸ್ರಾವವೋ ಎಂದು ಸಿ.ಟಿ. ಸ್ಕ್ಯಾನ್ ಇಲ್ಲದೆ ನಾನೂ ಹೇಳಲಾರೆ. ಹಾಗಾಗಿ ಅಲ್ಲಿಯ ತನಕ ಆಸ್ಪಿರಿನ್ ಗುಳಿಗೆಯನ್ನೂ ಬಾಯಿಗೆ ಹಾಕಬೇಡಿ.

ಹೊತ್ತು ಮೀರಿದೆ ಎಂದು ಮನೆಯಲ್ಲೇ ಉಳಿಯುವುದೂ ತಪ್ಪು. 2018ರಲ್ಲಿ ಬಂದ ಅಧ್ಯಯನಗಳ ಪ್ರಕಾರ, ದೊಡ್ಡ ರಕ್ತನಾಳ ಕಟ್ಟಿದ ಕೆಲವರಿಗೆ 24 ಗಂಟೆಯ ತನಕವೂ ಹೆಪ್ಪನ್ನು ತಂತಿಯಿಂದ ಹೊರಗೆಳೆಯಬಹುದು. ನಿದ್ದೆಯಲ್ಲಿ ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಎಂ.ಆರ್.ಐ. ನೋಡಿ ಸೂಜಿ ಕೊಡಬಹುದು. ಆ ಸೌಲಭ್ಯ ಎಲ್ಲ ಕಡೆ ಇಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಯಾರಿಗೆ ಆಗುತ್ತದೆ, ಯಾರಿಗಿಲ್ಲ ಎಂಬುದನ್ನು ನೋಡಿದ ಮೇಲೆ ಹೇಳಬಹುದು. ಅದಕ್ಕೂ ನನಗೆ ಆ ಹೊತ್ತೇ ಬೇಕು.

ಹಾಗಾಗಿ ಬಾಯಿ ಸೊಟ್ಟ ಆದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಅವರು ನುಂಗುವ ಗುಳಿಗೆಗಳ ಚೀಟಿ ಜೊತೆಗಿರಲಿ, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ತಪ್ಪದೆ ಹೇಳಿ. ಅವರನ್ನು ಕೊನೆಗೆ ಮಾತಾಡಿಸಿದ್ದು ಸೊಸೆಯೋ, ಮೊಮ್ಮಗಳೋ, ಹಾಲು ಹಾಕುವ ಹುಡುಗನೋ ಕೇಳಿ ತಿಳಿದುಕೊಳ್ಳಿ. ಆ ಒಬ್ಬರನ್ನು ಗಾಡಿಯಲ್ಲಿ ಕರೆದುಕೊಂಡು ಬನ್ನಿ. ಮಗುವಿದ್ದರೆ ಎತ್ತಿಕೊಂಡೇ ಬರಲಿ. ಜಾಗ ಸಾಲದಿದ್ದರೆ ಗಂಡಸರಲ್ಲಿ ಒಬ್ಬರು ಇಳಿಯಿರಿ.