ಫ್ಲಾಶ್ ಚಿತ್ರಗಳಲ್ಲಿ ಮೂಡುವ ಬೆಳಕಿನ ಬಿಲ್ಲೆಗಳು

ಕತ್ತಲಲ್ಲಿ ಫ್ಲಾಶ್ ಬಳಸಿ ತೆಗೆದ ಚಿತ್ರದಲ್ಲಿ, ಆ ಹೊತ್ತಿಗೆ ಯಾರ ಕಣ್ಣಿಗೂ ಬೀಳದಿದ್ದ ದುಂಡನೆಯ ಮಸುಕು ಬಿಲ್ಲೆಗಳು ಕಾಣಿಸಿಕೊಂಡಾಗ ಹಲವರು ಗಾಬರಿಯಾಗುತ್ತಾರೆ. ಅಗಲಿದವರ ಸುಳಿವು ಇದಾಗಿರಬಹುದೇ ಎಂದು ಕೇಳುವವರೂ ಇದ್ದಾರೆ. ಛಾಯಾಗ್ರಾಹಕನಾಗಿ ನಾನು ಆ ಪ್ರಶ್ನೆಯನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಉತ್ತರ ಇರುವುದು ಲೆನ್ಸಿನ ಮುಂದಿನ ಒಂದು ಗೇಣು ಗಾಳಿಯಲ್ಲಿ.

ಗಾಳಿಯಲ್ಲಿ ಧೂಳು, ಪರಾಗ, ಮಂಜಿನ ಹನಿ, ಸಣ್ಣ ಹುಳುಗಳು ಸದಾ ತೇಲುತ್ತಿರುತ್ತವೆ. ದೂರ ಹೆಚ್ಚಿದಂತೆ ಫ್ಲಾಶ್ ಬೆಳಕು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆಯಾದ್ದರಿಂದ, 2 ಮೀಟರ್ ದೂರದಲ್ಲಿ ನಿಂತ ವ್ಯಕ್ತಿಗಿಂತ 10 ಸೆಂಟಿಮೀಟರ್ ದೂರದ ಕಣದ ಮೇಲೆ ಸುಮಾರು 400 ಪಟ್ಟು ತೀವ್ರವಾದ ಬೆಳಕು ಬೀಳುತ್ತದೆ. ಆ ಕಣ ಫೋಕಸ್ಸಿನಿಂದ ಬಹಳ ಹೊರಗಿರುವುದರಿಂದ ಅದರ ಬಿಂಬ ಚುಕ್ಕೆಯಾಗಿ ಕೂಡಿಕೊಳ್ಳದೆ, ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರದ ಆಕಾರದಲ್ಲಿ ಹರಡಿಕೊಳ್ಳುತ್ತದೆ: ಅಪರ್ಚರ್ ದುಂಡಗಿದ್ದರೆ ಬಿಲ್ಲೆಯೂ ದುಂಡಗೆ, ಆರು ಅಲಗುಗಳಿಂದ ಕಿರಿದಾಗಿದ್ದರೆ ಷಟ್ಕೋನ. ಫ್ಲಾಶ್ ಬೆಳಗುವ ಅವಧಿ ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಇರುವುದರಿಂದ ತೇಲುವ ಕಣವೂ ನಿಂತಂತೆಯೇ ದಾಖಲಾಗುತ್ತದೆ.

ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲಿ ಇದು ಹೆಚ್ಚು. ಅವುಗಳಲ್ಲಿ ಫ್ಲಾಶ್ ಲೆನ್ಸಿಗೆ ಅಂಟಿಕೊಂಡಂತೆಯೇ ಇರುವುದರಿಂದ ಕಣಕ್ಕೆ ಬಡಿದ ಬೆಳಕು ಬಂದ ದಾರಿಯಲ್ಲೇ ಲೆನ್ಸಿಗೆ ಮರಳುತ್ತದೆ. ಜೊತೆಗೆ ಪುಟ್ಟ ಸೆನ್ಸರ್ (ಬಿಂಬವನ್ನು ದಾಖಲಿಸುವ ಫಲಕ) ಮತ್ತು ಕಿರಿದಾದ ಫೋಕಲ್ ಲೆಂಗ್ತ್‌ನಿಂದಾಗಿ (ಲೆನ್ಸಿನಿಂದ ದೂರದ ವಸ್ತುವಿನ ಬಿಂಬ ಮೂಡುವಲ್ಲಿಗಿರುವ ಅಂತರ) ಬಿಲ್ಲೆ ಮಿತಿಮೀರಿ ಹರಡಿ ಮಾಸಿಹೋಗದೆ, ಕಣ್ಣಿಗೆ ಕಾಣುವಷ್ಟು ಗಟ್ಟಿಯಾಗಿ ಉಳಿಯುತ್ತದೆ.

‘ಬಿಲ್ಲೆಯ ಅರ್ಧಭಾಗ ಕಂಬದ ಹಿಂದೆ ಮರೆಯಾಗಿದೆ, ಹಾಗಿದ್ದಮೇಲೆ ಅದು ಲೆನ್ಸಿನ ಬಳಿ ಇರಲು ಹೇಗೆ ಸಾಧ್ಯ?’ ಎಂಬ ಆಕ್ಷೇಪವನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಅದು ಚಿತ್ರವನ್ನು ಗಮನವಿಟ್ಟು ನೋಡಿದವರ ಪ್ರಶ್ನೆ. ಬಿಲ್ಲೆ ಹಿಂದಿನದನ್ನು ಮುಚ್ಚುವುದಿಲ್ಲ. ಅಲ್ಲಿರುವ ಬೆಳಕಿಗೆ ತನ್ನದಿಷ್ಟನ್ನು ಸೇರಿಸುತ್ತದೆ, ಅಷ್ಟೆ. ಕಪ್ಪು ಹಿನ್ನೆಲೆಯಲ್ಲಿ ಆ ಸೇರ್ಪಡೆ ಎದ್ದು ಕಾಣುತ್ತದೆ. ಬಿಳಿಯ ಕಂಬದ ಮೇಲೆ ಅದು ಗೊತ್ತಾಗುವುದೇ ಇಲ್ಲವಾದ್ದರಿಂದ ಬಿಲ್ಲೆ ಕಂಬದ ಹಿಂದಕ್ಕೆ ಸರಿದಂತೆ ತೋರುತ್ತದೆ.

ಸಂದೇಹವಿದ್ದರೆ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೇ ಫ್ಲಾಶಿನಲ್ಲಿ ಒಮ್ಮೆಗೇ ಚಿತ್ರ ತೆಗೆಯಬೇಕು. ದೂರದ ವಸ್ತು ಎರಡರಲ್ಲೂ ಇರುತ್ತದೆ. ಹತ್ತಿರದ ಕಣದ ಬಿಲ್ಲೆ ಸಾಮಾನ್ಯವಾಗಿ ಒಂದರಲ್ಲಷ್ಟೇ ಇರುತ್ತದೆ, ಇಲ್ಲವೇ ಸಂಪೂರ್ಣ ಬೇರೆ ಜಾಗದಲ್ಲಿರುತ್ತದೆ. ಕೋಣೆಯಲ್ಲಿ ಕಂಬಳಿಯೊಂದನ್ನು ಕೊಡವಿ ಫ್ಲಾಶ್ ಹಾಕಿದರೂ ಸಾಕು, ಬಿಲ್ಲೆಗಳು ಚಿತ್ರದ ತುಂಬ ಮೂಡುತ್ತವೆ.

ಇವನ್ನು ತಪ್ಪಿಸಲು ಫ್ಲಾಶನ್ನು ಲೆನ್ಸಿನಿಂದ ದೂರ ಸರಿಸಬೇಕು. ಕಣಗಳೇ ತುಂಬಿರುವ ನೀರಿನಡಿಯಲ್ಲಿ ಚಿತ್ರ ತೆಗೆಯುವವರು ಫ್ಲಾಶುಗಳನ್ನು ಉದ್ದನೆಯ ತೋಳುಗಳ ತುದಿಗೆ ಕಟ್ಟಿ ಪಕ್ಕದಿಂದ ಬೆಳಕು ಹಾಯಿಸುವುದು ಇದೇ ಕಾರಣಕ್ಕೆ. ಕ್ಯಾಮೆರಾದೊಳಗೇ ಅಡಕವಾದ ಫ್ಲಾಶನ್ನು ಸರಿಸಲಾಗದಿದ್ದಾಗ ಅದನ್ನು ಬಳಸದೆ, ಟ್ರೈಪಾಡ್ ಮೇಲೆ ದೀರ್ಘ ಎಕ್ಸ್‌ಪೋಶರ್ ಕೊಡುವುದು, ಅಂದರೆ ಹೆಚ್ಚು ಹೊತ್ತು ಬೆಳಕನ್ನು ಒಳಬಿಡುವುದು ಉತ್ತಮ.