ಯುದ್ಧಕೈದಿ: ಶತ್ರು ನೆಲದಲ್ಲಿ ಸಿಕ್ಕಿಬಿದ್ದ ಪೈಲಟ್‌ಗೆ ಇರುವ ಹಕ್ಕುಗಳು

ಯುದ್ಧದಲ್ಲಿ ಎದುರಾಳಿಯ ಕೈಗೆ ಸಿಕ್ಕ ಸೈನಿಕ ಅಪರಾಧಿಯಲ್ಲ. ಅವನು ಮತ್ತೆ ಕಾಳಗಕ್ಕೆ ಇಳಿಯದಂತೆ ತಡೆಯಲು ಹಿಡಿದಿಟ್ಟುಕೊಳ್ಳಬಹುದು, ಅಷ್ಟೇ. ಬಾಂಬು ಹಾಕಿದ್ದಕ್ಕೆ, ವಿಮಾನ ಹೊಡೆದುರುಳಿಸಿದ್ದಕ್ಕೆ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ನಾಗರಿಕರನ್ನು ಬೇಕೆಂದೇ ಕೊಂದಂಥ ಯುದ್ಧಾಪರಾಧ ಎಸಗಿದ್ದರೆ ವಿಚಾರಣೆ ನಡೆಸಬಹುದು. ಆಗಲೂ ಅವನು ಯುದ್ಧಕೈದಿಯಾಗಿಯೇ ಉಳಿಯುತ್ತಾನೆ. ಈ ಸ್ಥಾನಮಾನವನ್ನು ವಿವರಿಸುವುದು 143 ವಿಧಿಗಳಿರುವ 1949ರ ಮೂರನೆಯ ಜಿನೀವಾ ಒಪ್ಪಂದ. ಭಾರತ ಇದನ್ನು 1950ರಲ್ಲಿ, ಪಾಕಿಸ್ತಾನ 1951ರಲ್ಲಿ ಅಂಗೀಕರಿಸಿದವು.

ಎರಡು ವಿಷಯಗಳನ್ನು ಜನ ಪದೇ ಪದೇ ತಪ್ಪಾಗಿ ತಿಳಿಯುತ್ತಾರೆ. ಒಂದು, ಯುದ್ಧ ಘೋಷಣೆಯಾಗಿದ್ದರೆ ಮಾತ್ರ ಒಪ್ಪಂದ ಅನ್ವಯಿಸುತ್ತದೆ ಎಂಬುದು. ಎರಡನೆಯ ವಿಧಿಯ ಪ್ರಕಾರ ಎರಡು ದೇಶಗಳ ನಡುವೆ ಸಶಸ್ತ್ರ ಸಂಘರ್ಷ ನಡೆದರೆ ಸಾಕು, ಘೋಷಣೆ ಬೇಕಿಲ್ಲ. 2019ರ ಫೆಬ್ರುವರಿ 27ರಂದು ಭಾರತೀಯ ವಾಯುಪಡೆಯ ಪೈಲಟ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ವಶವಾದಾಗ ಯಾವ ದೇಶವೂ ಯುದ್ಧ ಘೋಷಿಸಿರಲಿಲ್ಲ. ಇನ್ನೊಂದು, ಹಿಡಿದ ದೇಶ ಮನಸ್ಸು ಮಾಡಿದರೆ ಕೊಡುವ ಮರ್ಯಾದೆ ಇದು ಎಂಬ ಭಾವನೆ. ಹಾಗಲ್ಲ. ಕೈಗೆ ಸಿಕ್ಕ ಕ್ಷಣದಿಂದಲೇ ಹಕ್ಕು ಶುರುವಾಗುತ್ತದೆ. ಹಿಡಿದ ವ್ಯಕ್ತಿ ಯಾರೆಂಬ ಅನುಮಾನವಿದ್ದರೂ ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಅವನನ್ನು ಯುದ್ಧಕೈದಿಯಂತೆಯೇ ನಡೆಸಿಕೊಳ್ಳಬೇಕು.

ಕಾಲಾಳು ಸೈನಿಕ ಸಿಕ್ಕಿಬೀಳುವಾಗ ಸಾಮಾನ್ಯವಾಗಿ ಅವನ ತುಕಡಿಯ ಜೊತೆಗಾರರು ಅಲ್ಲೇ ಇರುತ್ತಾರೆ, ಕಣ್ಣಾರೆ ಕಂಡವರಿರುತ್ತಾರೆ. ಪೈಲಟ್ ಹಾಗಲ್ಲ, ಗಡಿಯಿಂದ ದೂರ ಒಬ್ಬನೇ ಇಳಿಯುತ್ತಾನೆ. ಅವನ ಸುತ್ತ ಮೊದಲು ಸೇರುವವರು ಸೈನಿಕರಲ್ಲ, ಈಗಷ್ಟೇ ಬಾಂಬಿನ ಸದ್ದು ಕೇಳಿ ಕುದಿಯುತ್ತಿರುವ ಊರಿನ ಜನ. ಪೈಲಟ್‌ಗಳಿಗೆ ಅತಿ ಅಪಾಯದ ಗಳಿಗೆ ಇದೇ. ಸೈನಿಕರು ಬಂದು ವಶಕ್ಕೆ ತೆಗೆದುಕೊಂಡ ಮೇಲೆಯೇ ಜೀವಕ್ಕೆ ಸ್ವಲ್ಪ ಭರವಸೆ. ಸಾಲದ್ದಕ್ಕೆ ಮೈಯೂ ಜಖಂ ಆಗಿರುತ್ತದೆ. ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆಸೆಯುವ ಇಜೆಕ್ಷನ್ ಸೀಟನ್ನು ಸಿಡಿಮದ್ದು ಮೇಲಕ್ಕೆ ಚಿಮ್ಮಿಸುವಾಗ ಬೆನ್ನೆಲುಬಿನ ಮೇಲೆ ದೇಹದ ತೂಕಕ್ಕಿಂತ ಹತ್ತು ಹದಿನೈದು ಪಟ್ಟು ಒತ್ತಡ ಬೀಳುತ್ತದೆ. ಕುಳಿತ ಭಂಗಿ ಸ್ವಲ್ಪ ಬಾಗಿದ್ದರೂ ಕಶೇರುಗಳು ಜಜ್ಜಿ ಬಿರುಕು ಬಿಡುತ್ತವೆ.

ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವಾಗ ಅವನಿಗೆ ಗುಂಡು ಹೊಡೆಯುವಂತಿಲ್ಲ. ಜಿನೀವಾ ಒಪ್ಪಂದಗಳಿಗೆ ಪೂರಕವಾದ 1977ರ ಮೊದಲನೆಯ ಹೆಚ್ಚುವರಿ ಪ್ರೋಟೊಕಾಲ್‌ನ 42ನೇ ವಿಧಿ ಇದನ್ನು ಬರಹಕ್ಕಿಳಿಸಿದೆ. ನೆಲ ಮುಟ್ಟಿದ ಮೇಲೂ ಶರಣಾಗಲು ಅವಕಾಶ ಕೊಡಬೇಕು. ದಾಳಿಗೆಂದೇ ಧುಮುಕುವ ಪ್ಯಾರಾ ಸೈನಿಕರಿಗೆ ಈ ರಕ್ಷಣೆ ಇಲ್ಲ. ಭಾರತ ಆ ಪ್ರೋಟೊಕಾಲ್‌ಗೆ ಸೇರಿಲ್ಲವಾದರೂ ಈ ನಿಯಮ ರೂಢಿಗತ ಅಂತಾರಾಷ್ಟ್ರೀಯ ಕಾನೂನಾಗಿ ಎಲ್ಲರಿಗೂ ಅನ್ವಯಿಸುತ್ತದೆ.

ಇಳಿದ ಪೈಲಟ್‌ನ ಮೊದಲ ಕೆಲಸ ತಪ್ಪಿಸಿಕೊಳ್ಳುವ ಪ್ರಯತ್ನ. ಪ್ಯಾರಾಚೂಟ್ ಬಟ್ಟೆ ದೂರಕ್ಕೆ ಕಾಣುವುದರಿಂದ ಅದನ್ನು ಹೂತು ಅಥವಾ ಮುಚ್ಚಿ, ನೀರು ಮತ್ತು ಔಷಧಿಯಿರುವ ಸರ್ವೈವಲ್ ಪ್ಯಾಕ್ ಎತ್ತಿಕೊಂಡು ಬಿದ್ದ ಜಾಗದಿಂದ ದೂರ ಸರಿಯಬೇಕು. ಇದಕ್ಕೆ 1971ರ ಡಿಸೆಂಬರ್ 5ರ ಪ್ರಸಂಗ ಒಳ್ಳೆಯ ಉದಾಹರಣೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಎಚ್‌ಎಫ್-24 ಮಾರುತ್ ವಿಮಾನದಿಂದ ಸಿಂಧ್‌ನ ಮರಳುಗಾಡಿಗೆ ಬಿದ್ದ ಫ್ಲೈಟ್ ಲೆಫ್ಟಿನೆಂಟ್ ಜೆ.ಎಲ್. ಭಾರ್ಗವ, ತಾನು ಪಾಕಿಸ್ತಾನ ವಾಯುಪಡೆಯ ಮನ್ಸೂರ್ ಅಲಿ ಎಂದು ಹೇಳಿಕೊಂಡು ಗಂಟೆಗಟ್ಟಲೆ ಜನರನ್ನು ನಂಬಿಸಿದರು. ಕೊನೆಗೆ ಇಸ್ಲಾಂ ನಂಬಿಕೆಯನ್ನು ಸಾರುವ ಕಲ್ಮಾ ಹೇಳೆಂದು ಕೇಳಿದಾಗ ಸಿಕ್ಕಿಬಿದ್ದರು. ಹೀಗೆ ಸುಳ್ಳು ಹೆಸರು ಹೇಳಿ ಪಾರಾಗಲು ನೋಡಿದ್ದರಿಂದ ಯುದ್ಧಕೈದಿಯ ಸ್ಥಾನ ಕಳೆದುಹೋಗುವುದಿಲ್ಲ. ವೇಷ ಮರೆಸಿಕೊಂಡು ಗೂಢಚರ್ಯೆ ಮಾಡಿದರೆ ಮಾತ್ರ ಅದು ಹೋಗುತ್ತದೆ.

ಹಿಡಿದ ಮೇಲೆ ಏನು ಹೇಳಬೇಕು? 17ನೇ ವಿಧಿ ನಾಲ್ಕನ್ನು ಮಾತ್ರ ಕಡ್ಡಾಯ ಮಾಡಿದೆ: ಪೂರ್ಣ ಹೆಸರು, ದರ್ಜೆ, ಹುಟ್ಟಿದ ದಿನಾಂಕ, ಸೇವಾ ಸಂಖ್ಯೆ. ಇದರಾಚೆಗೆ ಪ್ರಶ್ನೆ ಕೇಳಲೇಬಾರದು ಎಂದು ಕಾನೂನು ಹೇಳುವುದಿಲ್ಲ, ಎಷ್ಟು ಬೇಕಾದರೂ ಕೇಳಬಹುದು. ಆದರೆ ಉತ್ತರ ಕೊಡದವನನ್ನು ಹೊಡೆಯುವುದು, ಬೆದರಿಸುವುದು, ಅವಮಾನಿಸುವುದು, ಮಾನಸಿಕವಾಗಿ ಹಿಂಸಿಸುವುದು ನಿಷಿದ್ಧ. 2019ರ ವಿಡಿಯೊದಲ್ಲಿ ಅಭಿನಂದನ್ ಹೆಸರು, ದರ್ಜೆ, ಸಂಖ್ಯೆ ಹೇಳಿ, ಮುಂದಿನ ಪ್ರಶ್ನೆಗಳಿಗೆ ಇದನ್ನು ಹೇಳುವಂತಿಲ್ಲ ಎಂದು ನಿಂತದ್ದು ಈ ವಿಧಿಯ ಅಕ್ಷರಶಃ ಪಾಲನೆ. ಅದೇ ವಿಡಿಯೊವನ್ನು ಚಿತ್ರಿಸಿ ಜಗತ್ತಿಗೆ ಹಂಚಿದ್ದು ಮಾತ್ರ 13ನೇ ವಿಧಿಗೆ ವಿರುದ್ಧ. ಕೈದಿಯನ್ನು ಜನರ ಕುತೂಹಲಕ್ಕೆ ಒಡ್ಡಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮುಖ ತೋರಿಸಿದ್ದರಿಂದ ಆತ ಬದುಕಿರುವುದು ಮನೆಯವರಿಗೆ ಗೊತ್ತಾಯಿತಲ್ಲ ಎಂದು ವಾದಿಸುವವರಿದ್ದಾರೆ. ಆ ಕೆಲಸಕ್ಕೆ ಒಪ್ಪಂದದಲ್ಲಿ ಬೇರೆಯೇ ವ್ಯವಸ್ಥೆ ಇದೆ.

ಕೆಲವೊಮ್ಮೆ ಹೆಸರೊಂದೇ ಬಹಳಷ್ಟು ಹೇಳಿಬಿಡುತ್ತದೆ. 1965ರ ಸೆಪ್ಟೆಂಬರ್ 22, ಕದನ ವಿರಾಮಕ್ಕೆ ಕೆಲವೇ ಗಂಟೆಗಳಿದ್ದಾಗ, ಕೊಡಗಿನ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿದ ಗುಂಡು ತಗುಲಿತು. ಇಜೆಕ್ಟ್ ಆದಾಗ ಬೆನ್ನಿಗೆ ಪೆಟ್ಟಾಗಿ ಅವರು ಸೆರೆಯಾದರು. ತಂದೆ ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕೆ.ಎಂ. ಕಾರ್ಯಪ್ಪ, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಅದೇ ಸೇನೆಯಲ್ಲಿ ಅವರ ಪರಿಚಯದವರು. ಮಗನ ಬಗ್ಗೆ ಕಾಳಜಿಯ ಸಂದೇಶ ಬಂದಾಗ ತಂದೆ ವಿಶೇಷ ಸೌಲಭ್ಯ ಬೇಡವೆಂದರು, ಎಲ್ಲ ಕೈದಿಗಳನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದರು. ಒಪ್ಪಂದದ 16ನೇ ವಿಧಿ ಬಯಸುವುದೂ ಅದೇ ಸಮಾನತೆಯನ್ನು. ಮಗ ಸುಮಾರು ನಾಲ್ಕು ತಿಂಗಳ ನಂತರ ಮರಳಿದರು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಇಡೀ ಒಪ್ಪಂದದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಒಂದು ಕಾರ್ಡು. 70ನೇ ವಿಧಿಯ ಪ್ರಕಾರ ಕೈದಿ ಕ್ಯಾಂಪಿಗೆ ಬಂದ ಒಂದು ವಾರದೊಳಗೆ ಅವನಿಂದ ಸೆರೆಯ ಕಾರ್ಡು ಬರೆಸಬೇಕು. ಅದರಲ್ಲಿ ಹೆಸರು, ತಂದೆಯ ಹೆಸರು, ದರ್ಜೆ, ಸಂಖ್ಯೆ, ಸೆರೆಯಾದ ದಿನ, ಆರೋಗ್ಯ ಸ್ಥಿತಿ, ಮನೆಯವರ ವಿಳಾಸ ಇರುತ್ತವೆ. ಒಂದು ಪ್ರತಿ ಮನೆಗೆ, ಇನ್ನೊಂದು ಜಿನೀವಾದ ರೆಡ್‌ಕ್ರಾಸ್ ಸಂಸ್ಥೆಗೆ ಹೋಗುತ್ತದೆ. ಆಮೇಲೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು ಬರೆಯಲು ಬಿಡಬೇಕು. ರೆಡ್‌ಕ್ರಾಸ್ ಪ್ರತಿನಿಧಿಗಳು ಕ್ಯಾಂಪಿಗೆ ಬಂದು ಕಾವಲುಗಾರರಿಲ್ಲದೆ ಕೈದಿಯೊಡನೆ ಮಾತನಾಡಬಹುದು. ಒಮ್ಮೆ ಹೆಸರು ದಾಖಲಾಯಿತೆಂದರೆ ಆ ಮನುಷ್ಯನನ್ನು ಇಲ್ಲವೆನ್ನಲು ಯಾವ ಸರ್ಕಾರಕ್ಕೂ ಸುಲಭವಲ್ಲ. ದಾಖಲಾಗದೆ ಉಳಿದರೆ ಏನಾಗುತ್ತದೆಂಬುದನ್ನು 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿ ಭಾರತೀಯ ಯೋಧರ ಕುಟುಂಬಗಳು ಅನುಭವಿಸಿವೆ. ಆ ಪಟ್ಟಿಯಲ್ಲಿ ಅನೇಕ ಪೈಲಟ್‌ಗಳೂ ಇದ್ದಾರೆ. ಅವರು ತನ್ನಲ್ಲಿಲ್ಲ ಎಂದೇ ಪಾಕಿಸ್ತಾನ ಹೇಳುತ್ತ ಬಂದಿದೆ. 2007ರಲ್ಲಿ ಬಂಧುಗಳು ಅಲ್ಲಿನ ಜೈಲುಗಳಿಗೇ ಹೋಗಿ ಹುಡುಕಿ ಬರಿಗೈಯಲ್ಲಿ ಮರಳಿದರು.

ಕ್ಯಾಂಪಿನ ದಿನಚರಿಯ ನಿಯಮಗಳೂ ಕರಾರುವಾಕ್ಕು. ಅಧಿಕಾರಿಗಳಿಂದ ಬಲವಂತವಾಗಿ ದುಡಿಸುವಂತಿಲ್ಲ. ಮೇಜರ್‌ಗಿಂತ ಕೆಳಗಿನ ಅಧಿಕಾರಿಗೆ, ಅಂದರೆ ಫ್ಲೈಟ್ ಲೆಫ್ಟಿನೆಂಟ್‌ಗೂ, ತಿಂಗಳಿಗೆ 50 ಸ್ವಿಸ್ ಫ್ರಾಂಕಿನಷ್ಟು ಮುಂಗಡ ಸಂಬಳ ಸಲ್ಲಬೇಕು. ಕೈದಿ ಅಧಿಕಾರಿ ತನಗಿಂತ ಮೇಲಿನ ದರ್ಜೆಯವರಿಗೆ ಮಾತ್ರ ಸೆಲ್ಯೂಟ್ ಮಾಡಿದರೆ ಸಾಕು. ಕ್ಯಾಂಪ್ ಕಮಾಂಡೆಂಟ್‌ಗೆ ಮಾತ್ರ ದರ್ಜೆ ಏನೇ ಇದ್ದರೂ ಮಾಡಬೇಕು.

ಸೆರೆಯಿಂದ ಓಡಿಹೋಗುವುದನ್ನು ಒಪ್ಪಂದ ಅಪರಾಧವೆಂದು ಕಾಣುವುದಿಲ್ಲ, ಸೈನಿಕನ ಸಹಜ ಪ್ರಯತ್ನವೆಂದೇ ಒಪ್ಪುತ್ತದೆ. ಮತ್ತೆ ಸಿಕ್ಕರೆ ಶಿಸ್ತುಕ್ರಮವಷ್ಟೇ, ಅದೂ 30 ದಿನ ಮೀರುವಂತಿಲ್ಲ. ಹಿಂಸೆಯಿಲ್ಲದೆ, ಓಡಿಹೋಗಲೆಂದೇ ನಾಗರಿಕ ಉಡುಪು ಧರಿಸಿದ್ದಕ್ಕೂ ಸುಳ್ಳು ಕಾಗದ ಮಾಡಿಕೊಂಡಿದ್ದಕ್ಕೂ ಅದೇ ಮಿತಿ. ಕಾವಲುಗಾರರು ಗುಂಡು ಹಾರಿಸುವುದು ಕೊನೆಯ ಉಪಾಯವಾಗಿರಬೇಕು, ಮೊದಲು ಎಚ್ಚರಿಕೆ ಕೊಡಬೇಕು. ಹಿಡಿದ ದೇಶದ ಗಡಿ ದಾಟಿದರೆ ಅಥವಾ ತನ್ನ ಪಡೆ ಸೇರಿದರೆ ಪಲಾಯನ ಯಶಸ್ವಿ. ಆಮೇಲೆ ಇನ್ನೊಂದು ಸಲ ಸಿಕ್ಕರೂ ಹಳೆಯದಕ್ಕೆ ಶಿಕ್ಷೆಯಿಲ್ಲ. 1972ರ ಆಗಸ್ಟ್ 13ರಂದು ರಾವಲ್ಪಿಂಡಿಯ ಕ್ಯಾಂಪಿನ ಗೋಡೆ ಕೊರೆದು ಹೊರಬಿದ್ದ ಭಾರತೀಯ ಪೈಲಟ್‌ಗಳಾದ ದಿಲೀಪ್ ಪರೂಲ್ಕರ್, ಮಲ್ವಿಂದರ್ ಸಿಂಗ್ ಗರೇವಾಲ್, ಹರೀಶ್ ಸಿಂಹ್‌ಜಿ ಆರಿಸಿದ್ದು ಅಫ್ಘಾನಿಸ್ತಾನದ ಗಡಿಯನ್ನು. ಪೆಶಾವರ ದಾಟಿ ಲಂಡಿಕೋತಲ್ ತಲುಪಿ, ಲಂಡಿಖಾನಾಕ್ಕೆ ದಾರಿ ವಿಚಾರಿಸಿದರು. ಆ ರೈಲು ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಊರಿನವರಿಗೆ ಅನುಮಾನ ಬಂತು. ಗಡಿ ಕೆಲವೇ ಕಿಲೋಮೀಟರ್ ಇರುವಾಗ ಮೂವರೂ ಸಿಕ್ಕಿಬಿದ್ದರು.

ಬಿಡುಗಡೆಯ ನಿಯಮ 118ನೇ ವಿಧಿಯಲ್ಲಿದೆ: ಕಾಳಗ ನಿಂತ ಮೇಲೆ ತಡಮಾಡದೆ ಕಳುಹಿಸಬೇಕು, ಚೌಕಾಸಿಗೆ ಬಳಸಬಾರದು. ಅತಿ ಹೆಚ್ಚು ಮುರಿಯಲ್ಪಡುವ ನಿಯಮವೂ ಬಹುಶಃ ಇದೇ. 1971ರ ಭಾರತೀಯ ಪೈಲಟ್‌ಗಳು ವಾಘಾ ದಾಟಿದ್ದು 1972ರ ಡಿಸೆಂಬರ್ 1ರಂದು. ಢಾಕಾದಲ್ಲಿ ಶರಣಾದ ಪಾಕಿಸ್ತಾನಿಗಳು ಭಾರತದಿಂದ ಹೊರಡಲು 1973ರ ಆಗಸ್ಟ್‌ನ ದೆಹಲಿ ಒಪ್ಪಂದದವರೆಗೆ ಕಾಯಬೇಕಾಯಿತು. 1999ರ ಕಾರ್ಗಿಲ್ ಯುದ್ಧದ ವೇಳೆ ಎಂಜಿನ್ ಕೆಟ್ಟು ಸೆರೆಯಾದ ಭಾರತೀಯ ಪೈಲಟ್ ನಚಿಕೇತ ಒಂದು ವಾರದಲ್ಲಿ, ಅಭಿನಂದನ್ ಮೂರನೇ ದಿನಕ್ಕೆ ಮರಳಿದರು.

ಮರಳಿದವರು ನೇರ ಮನೆಗೆ ಹೋಗುವುದಿಲ್ಲ. ಮೊದಲು ವೈದ್ಯಕೀಯ ತಪಾಸಣೆ, ಮುಖ್ಯವಾಗಿ ಬೆನ್ನೆಲುಬಿನದು. ಜೊತೆಗೆ ಏನು ಕೇಳಿದರು, ಏನು ಹೇಳಿದಿರಿ ಎಂಬ ಸವಿವರ ವಿಚಾರಣೆ. ಇದು ಸಂಶಯದ ಗುರುತಲ್ಲ, ಮುಂದೆ ಸೆರೆಯಾಗುವವರಿಗೆ ತರಬೇತಿ ಕೊಡಲು ಬೇಕಾದ ಮಾಹಿತಿ. ಮತ್ತೆ ಹಾರಬಹುದೇ ಎಂಬುದನ್ನು ವಾಯುಪಡೆಯ ವೈದ್ಯರು ತೀರ್ಮಾನಿಸುತ್ತಾರೆ. ಅಭಿನಂದನ್ ಅವರ ಪರೀಕ್ಷೆ ನಡೆದದ್ದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಆರು ತಿಂಗಳಲ್ಲಿ ಅವರು ಮಿಗ್-21ರ ಕಾಕ್‌ಪಿಟ್‌ಗೆ ಮರಳಿದರು.